ಚೈನ್ ರೂಲ್: ಕೊನೆಯ ಕೆಲಸದಿಂದ ಶುರು ಮಾಡಿ

ಸೆಕೆಂಡ್ ಪಿಯುಸಿ ಗಣಿತದ ಐದನೇ ಅಧ್ಯಾಯಕ್ಕೆ ಬಂದಾಗ ಮಂಗಳೂರು, ಉಡುಪಿ ಕಡೆಯ ಮಕ್ಕಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಒಂದರೊಳಗೆ ಒಂದು ಕೂತ ಫಂಕ್ಷನ್‌ಗಳ ಡೆರಿವೇಟಿವ್ (ಬದಲಾಗುವ ದರ) ಕಂಡುಹಿಡಿಯುವ ನಿಯಮವೇ ಚೈನ್ ರೂಲ್. ಅದರ ಸೂತ್ರ ಕೇಳಿದರೆ ತಟ್ಟನೆ ಹೇಳುತ್ತಾರೆ. ಸೈನ್(ಎಕ್ಸ್²) ಕೊಟ್ಟು ಡಿಫರೆನ್ಶಿಯೇಟ್ ಮಾಡಿ ಅಂದರೆ ಕಾಸ್(2ಎಕ್ಸ್) ಎಂದು ಬರೆಯುತ್ತಾರೆ. ಸೂತ್ರ ಬಾಯಿಗೆ ಬಂದಿದೆ, ಕೈಗೆ ಬಂದಿಲ್ಲ.

ತೊಂದರೆ ಸೂತ್ರದ್ದಲ್ಲ ಎಂದೇ ನನಗೆ ಅನಿಸುವುದು. ಕೊಟ್ಟ ಫಂಕ್ಷನ್ನಿನಲ್ಲಿ ಹೊರಗೆ ಏನಿದೆ, ಒಳಗೆ ಏನಿದೆ ಎಂದು ನೋಡುವ ಅಭ್ಯಾಸ ಆಗಿರುವುದಿಲ್ಲ. ಅದೊಂದು ಬಂದರೆ ಮಿಕ್ಕಿದ್ದು ಬರೀ ಗುಣಾಕಾರ. ಹಾಗಾಗಿ ಇಲ್ಲಿ ಲೆಕ್ಕ ಮಾಡುವುದಕ್ಕಿಂತ ಲೆಕ್ಕವನ್ನು ನೋಡುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಶುರು ಮಾಡುವ ಮೊದಲು ಕೆಲವು ಡೆರಿವೇಟಿವ್‌ಗಳು ನಿದ್ದೆಯಲ್ಲಿ ಕೇಳಿದರೂ ಬರಬೇಕು. ಎಕ್ಸ್ⁿ ಇದ್ದರೆ ಘಾತ ಕೆಳಗೆ ಬಂದು ಒಂದು ಕಡಿಮೆಯಾಗುತ್ತದೆ. ಸೈನ್ ಎಕ್ಸ್‌ನದ್ದು ಕಾಸ್ ಎಕ್ಸ್. ಕಾಸ್ ಎಕ್ಸ್‌ನದ್ದು ಮೈನಸ್ ಸೈನ್ ಎಕ್ಸ್. ಇ^ಎಕ್ಸ್‌ನದ್ದು ಅದೇ. ಲಾಗ್ ಎಕ್ಸ್‌ನದ್ದು 1/ಎಕ್ಸ್. √ಎಕ್ಸ್‌ನದ್ದು 1/(2√ಎಕ್ಸ್). ಲಾಗ್ ಅಂದರೆ ಇಲ್ಲಿ ಇ ಆಧಾರದ ಲಾಗ್. ಕೋನ ರೇಡಿಯನ್‌ನಲ್ಲಿ. ಇವು ಗೊತ್ತಿಲ್ಲದೆ ಮುಂದೆ ಹೋದರೆ ಸುಮ್ನೆ ತಲೆನೋವು.

ಮೊದಲ ಹೆಜ್ಜೆ: ಕೊನೆಗೆ ಒತ್ತುವ ಬಟನ್ ಯಾವುದು?

ಯಾವುದೇ ಫಂಕ್ಷನ್ ಕಂಡರೂ ಪೆನ್ ಎತ್ತಬೇಡಿ. ಎಕ್ಸ್ ಜಾಗದಲ್ಲಿ 2 ಹಾಕಿ ಕ್ಯಾಲ್ಕುಲೇಟರ್‌ನಲ್ಲಿ ಬೆಲೆ ಕಂಡುಹಿಡಿಯುತ್ತಿದ್ದೀರಿ ಎಂದುಕೊಳ್ಳಿ. ಯಾವ ಬಟನ್ ಮೊದಲು, ಯಾವುದು ಕೊನೆಗೆ? ಕೊನೆಗೆ ಒತ್ತುವುದೇ ಎಲ್ಲಕ್ಕಿಂತ ಹೊರಗಿನ ಫಂಕ್ಷನ್.

(ಎಕ್ಸ್² + 1)³ ತೆಗೆದುಕೊಳ್ಳಿ. ಮೊದಲು 2ರ ವರ್ಗ, 4. ಆಮೇಲೆ 1 ಕೂಡಿಸಿ, 5. ಕೊನೆಗೆ ಘನ, 125. ಕೊನೆಯ ಕೆಲಸ ಘನ ಮಾಡುವುದು. ಹೊರಗಿನದ್ದು ಘನ, ಒಳಗಿನದ್ದು ಎಕ್ಸ್² + 1.

ಈಗ ಎಲ್ಲರನ್ನೂ ಬೀಳಿಸುವ ಜೋಡಿ: ಸೈನ್(ಎಕ್ಸ್²) ಮತ್ತು ಸೈನ್²ಎಕ್ಸ್. ಮೊದಲನೆಯದರಲ್ಲಿ ವರ್ಗ ಮಾಡಿ ಆಮೇಲೆ ಸೈನ್ ಒತ್ತುತ್ತೀರಿ. ಹೊರಗೆ ಸೈನ್. ಎರಡನೆಯದರಲ್ಲಿ ಸೈನ್ ಒತ್ತಿ ಆಮೇಲೆ ವರ್ಗ ಮಾಡುತ್ತೀರಿ. ಹೊರಗೆ ವರ್ಗ. ಬರೆಯುವ ರೀತಿಯೇ ಇಲ್ಲಿ ಮೋಸ ಮಾಡುತ್ತದೆ. 2 ಸೈನ್‌ಗೆ ಅಂಟಿಕೊಂಡು ಮಧ್ಯದಲ್ಲಿ ಕೂತಿದೆ, ಕೆಲಸ ಮಾತ್ರ ಎಲ್ಲಕ್ಕಿಂತ ಕೊನೆಯದ್ದು. ಅದಕ್ಕೇ ಸೈನ್²ಎಕ್ಸ್ ಕಂಡ ಕೂಡಲೇ (ಸೈನ್ ಎಕ್ಸ್)² ಎಂದು ತಿರುಗಿ ಬರೆದುಕೊಳ್ಳಿ. ಪರೀಕ್ಷೆಯಲ್ಲೂ ಬರೆಯಿರಿ. ಇಷ್ಟಕ್ಕೆ ಯಾರೂ ಮಾರ್ಕ್ಸ್ ಕಡಿಯುವುದಿಲ್ಲ.

ಇದೇ ಪ್ರಶ್ನೆಗೆ ಇನ್ನೊಂದು ಉಪಯೋಗ ಇದೆ. ಎಕ್ಸ್ ಸೈನ್ ಎಕ್ಸ್‌ನಲ್ಲಿ ಕೊನೆಯ ಕೆಲಸ ಏನು? ಸೈನ್ ಬೆಲೆ ಬಂದ ಮೇಲೆ ಎಕ್ಸ್‌ನಿಂದ ಗುಣಿಸುವುದು. ಗುಣಾಕಾರ ಕೊನೆಗೆ ಬಂತು ಎಂದರೆ ಪ್ರಾಡಕ್ಟ್ ರೂಲ್. ಭಾಗಾಕಾರ ಬಂದರೆ ಕ್ವೋಶಂಟ್ ರೂಲ್. ಕೂಡುವುದೋ ಕಳೆಯುವುದೋ ಆದರೆ ಒಂದೊಂದನ್ನೇ ಬೇರೆ ಬೇರೆ ಮಾಡಬಹುದು. ಘಾತ, ಸೈನ್, ಲಾಗ್, ವರ್ಗಮೂಲ ಇಂಥವು ಕೊನೆಗೆ ಬಂದು, ಒಳಗೆ ಬರೀ ಎಕ್ಸ್ ಬಿಟ್ಟು ಬೇರೆ ಏನಾದರೂ ಇದ್ದರೆ ಚೈನ್ ರೂಲ್. ಯಾವ ನಿಯಮ ಬಳಸುವುದು ಎಂಬ ಗೊಂದಲ ಇಲ್ಲಿಗೆ ಮುಗಿಯಿತು.

ಎರಡನೇ ಹೆಜ್ಜೆ: ಹೊರಗಿನದ್ದನ್ನು ಮಾಡಿ, ಒಳಗಿನದ್ದನ್ನು ಮುಟ್ಟಬೇಡಿ

ತೆಂಗಿನಕಾಯಿ ಸುಲಿಯುವಾಗ ಮೊದಲು ಸಿಪ್ಪೆ, ಆಮೇಲೆ ಕರಟ. ಸಿಪ್ಪೆ ಸುಲಿಯುತ್ತಿರುವಾಗ ಕರಟಕ್ಕೆ ಕತ್ತಿ ಹಾಕುವುದಿಲ್ಲ. ಇಲ್ಲಿಯೂ ಹಾಗೆಯೇ. ಒಳಗಿನದ್ದನ್ನು ಎಡಗೈ ಬೆರಳಿನಿಂದ ಮುಚ್ಚಿ. ಬೆರಳಿನ ಕೆಳಗೆ ಏನೋ ಒಂದು ಇದೆ, ಅದರ ಘನ ಇದೆ. ಅದರ ಡೆರಿವೇಟಿವ್ 3 × (ಅದೇ)². ಈಗ ಬೆರಳು ತೆಗೆದು, ಒಳಗೆ ಇದ್ದದ್ದನ್ನು ಇದ್ದ ಹಾಗೆಯೇ ಬರೆಯಿರಿ: 3(ಎಕ್ಸ್² + 1)².

ಕಾಸ್(2ಎಕ್ಸ್) ಎಂಬ ತಪ್ಪು ಹುಟ್ಟುವುದು ಇದೇ ಜಾಗದಲ್ಲಿ. ಹೊರಗಿನ ಸೈನ್ ಕಾಸ್ ಆಗುವಾಗ ಒಳಗಿನ ಎಕ್ಸ್² ಕೂಡ ಒಟ್ಟಿಗೇ 2ಎಕ್ಸ್ ಆಗಿಬಿಡುತ್ತದೆ. ಒಂದು ಸಲಕ್ಕೆ ಒಂದೇ ಪದರ.

ಮೂರನೇ ಹೆಜ್ಜೆ: ಒಳಗಿನದ್ದರ ಡೆರಿವೇಟಿವ್‌ನಿಂದ ಗುಣಿಸಿ

ಎಕ್ಸ್² + 1ರ ಡೆರಿವೇಟಿವ್ 2ಎಕ್ಸ್. ಆದ್ದರಿಂದ ಉತ್ತರ 3(ಎಕ್ಸ್² + 1)² × 2ಎಕ್ಸ್, ಅಂದರೆ 6ಎಕ್ಸ್(ಎಕ್ಸ್² + 1)².

ಅಷ್ಟೇ ಮಾರಾಯ್ರೆ. ನಂಬಿಕೆ ಬರದಿದ್ದರೆ ಘನವನ್ನು ಬಿಡಿಸಿ ನೋಡಿ. ಎಕ್ಸ್⁶ + 3ಎಕ್ಸ್⁴ + 3ಎಕ್ಸ್² + 1 ಬರುತ್ತದೆ. ಒಂದೊಂದೇ ಪದ ಡಿಫರೆನ್ಶಿಯೇಟ್ ಮಾಡಿದರೆ 6ಎಕ್ಸ್⁵ + 12ಎಕ್ಸ್³ + 6ಎಕ್ಸ್. 6ಎಕ್ಸ್ ಹೊರಗೆ ತೆಗೆದರೆ ಒಳಗೆ ಎಕ್ಸ್⁴ + 2ಎಕ್ಸ್² + 1 ಉಳಿಯುತ್ತದೆ, ಅದು (ಎಕ್ಸ್² + 1)². ಎರಡೂ ದಾರಿ ಒಂದೇ ಕಡೆ ಸೇರಿದವು. ಘಾತ 3ರ ಬದಲು 50 ಇದ್ದರೆ ಬಿಡಿಸುತ್ತಾ ಕೂರಲು ಆಗುವುದಿಲ್ಲ, ಚೈನ್ ರೂಲಿಗೆ ಆಗಲೂ ಅದೇ ಒಂದು ಸಾಲು.

ಆ ಜೋಡಿಯನ್ನೂ ಮುಗಿಸೋಣ. ಸೈನ್(ಎಕ್ಸ್²) ಆದರೆ ಕಾಸ್(ಎಕ್ಸ್²) × 2ಎಕ್ಸ್. (ಸೈನ್ ಎಕ್ಸ್)² ಆದರೆ 2 ಸೈನ್ ಎಕ್ಸ್ × ಕಾಸ್ ಎಕ್ಸ್. ಎರಡಕ್ಕೂ ಒಂದಕ್ಕೊಂದು ಏನೂ ಸಂಬಂಧ ಇಲ್ಲ, ನೋಡಿ.

ಕೆಲವರು ಪ್ರತಿ ಸಲ ಒಳಗಿನದ್ದಕ್ಕೆ ಯು ಎಂದು ಹೆಸರಿಟ್ಟು, ಡಿವೈ/ಡಿಯು, ಡಿಯು/ಡಿಎಕ್ಸ್ ಬೇರೆ ಬೇರೆ ಮಾಡಿ, ಕೊನೆಗೆ ಗುಣಿಸುತ್ತಾರೆ. ತಪ್ಪೇನಿಲ್ಲ. ಮೊದಮೊದಲು ಹಾಗೆಯೇ ಮಾಡಿ. ಆದರೆ ಅದನ್ನೇ ಹಿಡಿದುಕೊಂಡು ಕೂತರೆ ಮೂರು ಪದರ ಬಂದಾಗ ಯು, ವಿ, ಡಬ್ಲ್ಯು ಎಂದು ಪುಟ ತುಂಬುತ್ತದೆ. ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಹೆಚ್ಚುಕಡಿಮೆ ಒಂದೇ ನಿಮಿಷ ಸಿಗುವುದು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಸುರತ್ಕಲ್ ಬಸ್ಸಿನಲ್ಲಿ ಕೂತಾಗ ಎರಡು ಪದರದ ಲೆಕ್ಕಗಳನ್ನು ಬಾಯಲ್ಲೇ ಮಾಡಿ ನೋಡಿ. ಬಾಯಲ್ಲಿ ಬರುತ್ತದೆ ಎಂದಾದರೆ ಯು ಬಿಡುವ ಹೊತ್ತಾಯಿತು.

ಗುಣಿಸುವುದು ಯಾಕೆ?

ಕೂಡಿಸಬಾರದೇ? ಇದಕ್ಕೆ ಉತ್ತರ ಆಗುಂಬೆ ಘಾಟಿಯಲ್ಲಿದೆ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ಸೆಕೆ ಕಡಿಮೆಯಾಗುತ್ತಾ ಹೋಗುತ್ತದೆ ಅಲ್ವಾ? ಎತ್ತರ ಹೆಚ್ಚಿದಂತೆ ಗಾಳಿಯ ಉಷ್ಣತೆ ಸರಾಸರಿ 1000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅಂದರೆ ಮೀಟರಿಗೆ 0.0065 ಡಿಗ್ರಿ. (ಮಳೆಗಾಲದ ಮೋಡ ತುಂಬಿದ ಗಾಳಿಯಲ್ಲಿ ಇಳಿಕೆ ಇದಕ್ಕಿಂತ ಕಡಿಮೆ. ಲೆಕ್ಕಕ್ಕೆ ಸರಾಸರಿಯೇ ಇರಲಿ.) ವಾಹನ ನಿಮಿಷಕ್ಕೆ 30 ಮೀಟರ್ ಎತ್ತರ ಏರುತ್ತಿದೆ ಎಂದಿಟ್ಟುಕೊಳ್ಳಿ. ರಸ್ತೆಯ ಉದ್ದ ಅಲ್ಲ, ಎತ್ತರ.

ಹಾಗಾದರೆ ನಿಮಿಷಕ್ಕೆ ಉಷ್ಣತೆ ಎಷ್ಟು ಇಳಿಯುತ್ತದೆ? ಒಂದು ನಿಮಿಷದಲ್ಲಿ 30 ಮೀಟರ್, ಪ್ರತಿ ಮೀಟರಿಗೆ 0.0065 ಡಿಗ್ರಿ. 30 × 0.0065 = 0.195 ಡಿಗ್ರಿ. ಇಪ್ಪತ್ತು ನಿಮಿಷ ಹತ್ತಿದರೆ 600 ಮೀಟರ್, ಸುಮಾರು 3.9 ಡಿಗ್ರಿ ತಂಪು. ಯಾರೂ ಇಲ್ಲಿ ಕೂಡಿಸುವ ಯೋಚನೆ ಮಾಡುವುದಿಲ್ಲ.

ಇದೇ ಚೈನ್ ರೂಲ್. ಉಷ್ಣತೆ ನೇರವಾಗಿ ಸಮಯವನ್ನು ಅವಲಂಬಿಸಿಲ್ಲ, ಎತ್ತರವನ್ನು ಅವಲಂಬಿಸಿದೆ. ಎತ್ತರ ಸಮಯವನ್ನು ಅವಲಂಬಿಸಿದೆ. ಮಧ್ಯದಲ್ಲಿ ಎತ್ತರ ಕೊಂಡಿಯಾಗಿ ನಿಂತಿದೆ. ಡಿಗ್ರಿ/ಮೀಟರ್ ಅನ್ನು ಮೀಟರ್/ನಿಮಿಷದಿಂದ ಗುಣಿಸಿದಾಗ ಮೀಟರ್ ಹೊಡೆದುಹೋಗಿ ಡಿಗ್ರಿ/ನಿಮಿಷ ಉಳಿಯುತ್ತದೆ. ಕೂಡಿಸಿದರೆ ಯೂನಿಟ್ಟೇ ಹೊಂದುವುದಿಲ್ಲ.

ಡಿವೈ/ಡಿಎಕ್ಸ್ = ಡಿವೈ/ಡಿಯು × ಡಿಯು/ಡಿಎಕ್ಸ್ ಎಂದು ಬರೆಯುವ ಪದ್ಧತಿಯ ಹಿಂದೆ ಇರುವವರು ಗಣಿತಜ್ಞ ಲೈಬ್ನಿಟ್ಸ್. 1676ರ ಅವರ ಬರಹವೊಂದರಲ್ಲೇ ಈ ನಿಯಮದ ಬಳಕೆ ಕಾಣುತ್ತದೆ. ಆ ಬರವಣಿಗೆಯಲ್ಲಿ ಯೂನಿಟ್ ಹೊಡೆದುಹೋಗುವುದು ಕಣ್ಣಿಗೇ ಕಾಣುತ್ತದೆ, ಅದು ಅದರ ಸೊಗಸು. ಆದರೆ ಡಿಯು ಎಂಬುದನ್ನು ಮಾಮೂಲಿ ಸಂಖ್ಯೆಯ ಹಾಗೆ ಹೊಡೆದುಹಾಕಿದರೆ ಅದು ಸಾಧನೆ (ಪ್ರೂಫ್) ಆಗುವುದಿಲ್ಲ. ಎಕ್ಸ್ ಸ್ವಲ್ಪ ಬದಲಾದಾಗ ಯು ಬದಲಾಗದೆಯೂ ಇರಬಹುದು, ಆಗ ಸೊನ್ನೆಯಿಂದ ಭಾಗಿಸಿದ ಹಾಗಾಗುತ್ತದೆ. ಪೂರ್ತಿ ಸಾಧನೆ ಬೇರೆ ದಾರಿ ಹಿಡಿಯುವುದು ಇದಕ್ಕೇ. ಪಿಯುಸಿ ಮಟ್ಟದಲ್ಲಿ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನೊಬ್ಬ ಗಣಿತಜ್ಞ ಲಗ್ರಾಂಜ್ 1797ರ ತಮ್ಮ ಪುಸ್ತಕದಲ್ಲಿ ಬಳಸಿದ ಗೀಟಿನ ಪದ್ಧತಿಯಲ್ಲಿ (ಡೆರಿವೇಟಿವ್‌ಗೆ ′ ಗುರುತು) ಇದೇ ನಿಯಮ ಎಫ್′(ಜಿ(ಎಕ್ಸ್)) × ಜಿ′(ಎಕ್ಸ್) ಆಗುತ್ತದೆ. ಎಫ್ ಹೊರಗಿನದ್ದು, ಜಿ ಒಳಗಿನದ್ದು. ಇದಕ್ಕೆ ಬೇರೆಯೇ ಲಾಭ ಇದೆ. ಹೊರಗಿನ ಡೆರಿವೇಟಿವ್ ಅನ್ನು ಎಲ್ಲಿ ತೆಗೆದುಕೊಳ್ಳಬೇಕು ಎಂದು ಇದು ಸ್ಪಷ್ಟವಾಗಿ ಹೇಳುತ್ತದೆ. ಒಂದು ಲೆಕ್ಕ: ಜಿ(2) = 5, ಜಿ′(2) = 4, ಎಫ್′(2) = 7, ಎಫ್′(5) = 3. ಎಫ್(ಜಿ(ಎಕ್ಸ್))ನ ಡೆರಿವೇಟಿವ್ ಎಕ್ಸ್ = 2ರಲ್ಲಿ ಎಷ್ಟು? ಅವಸರದಲ್ಲಿ 7 × 4 = 28 ಎನ್ನುತ್ತಾರೆ. ಎಫ್‌ಗೆ ತಲುಪುವುದು 2 ಅಲ್ಲ, ಜಿ(2), ಅಂದರೆ 5. ಉತ್ತರ 3 × 4 = 12. ಎಫ್′(2) = 7 ಎಂದು ಕೊಟ್ಟಿರುವುದು ಬಲೆ ಬೀಸಲಿಕ್ಕೆ ಮಾತ್ರ.

ಮೂರು ಪದರ ಬಂದಾಗ

ಕಾಸ್³(5ಎಕ್ಸ್²) ತೆಗೆದುಕೊಳ್ಳಿ. ಮೊದಲು ತಿರುಗಿ ಬರೆಯಿರಿ: (ಕಾಸ್(5ಎಕ್ಸ್²))³. ಕೊನೆಯ ಕೆಲಸ ಘನ, ಅದರ ಹಿಂದಿನದು ಕಾಸ್, ಎಲ್ಲಕ್ಕಿಂತ ಒಳಗೆ 5ಎಕ್ಸ್².

ಘನ: 3(ಕಾಸ್(5ಎಕ್ಸ್²))². ಒಳಗಿನದ್ದು ಹಾಗೆಯೇ ಇದೆ.
ಕಾಸ್: −ಸೈನ್(5ಎಕ್ಸ್²). ಇಲ್ಲೂ ಒಳಗಿನದ್ದು ಹಾಗೆಯೇ.
5ಎಕ್ಸ್²: 10ಎಕ್ಸ್.

ಮೂರನ್ನೂ ಗುಣಿಸಿದರೆ −30ಎಕ್ಸ್ ಕಾಸ್²(5ಎಕ್ಸ್²) ಸೈನ್(5ಎಕ್ಸ್²). ಪದರ ಎಷ್ಟಿದೆಯೋ ಅಷ್ಟು ತುಂಡು ಬರಬೇಕು. ಎಣಿಸಿ ನೋಡಿ. ಒಂದು ಕಡಿಮೆ ಬಂದರೆ ಬಹಳ ಸಲ ತಪ್ಪಿಹೋಗಿರುವುದು ಎಲ್ಲಕ್ಕಿಂತ ಒಳಗಿನದ್ದು. ಕಾಸ್‌ನ ಮೈನಸ್ ಬಿಟ್ಟುಹೋಗುವುದೂ ಮಾಮೂಲು.

ಮುಂದೆ ಸುರತ್ಕಲ್ಲಿನ ಎನ್‌ಐಟಿಕೆಗೋ ಮಣಿಪಾಲಕ್ಕೋ ಹೋಗಿ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಇದು ಮತ್ತೆ ಸಿಗುತ್ತದೆ. ನ್ಯೂರಲ್ ನೆಟ್‌ವರ್ಕ್ ಎಂದರೆ ಒಂದರೊಳಗೆ ಒಂದು ಕೂತ ಫಂಕ್ಷನ್‌ಗಳು. ಅದಕ್ಕೆ ಕಲಿಸುವಾಗ ಕೊನೆಯ ಪದರದಿಂದ ಹಿಂದಕ್ಕೆ ಬರುತ್ತಾ ಡೆರಿವೇಟಿವ್‌ಗಳನ್ನು ಗುಣಿಸುತ್ತಾ ಹೋಗುತ್ತಾರೆ. ಬ್ಯಾಕ್‌ಪ್ರೊಪಗೇಷನ್ ಎನ್ನುವ ಈ ವಿಧಾನ 1986ರಲ್ಲಿ ರಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಬರೆದ ಲೇಖನದಿಂದ ಹೆಸರಾಯಿತು. ಪದರಗಳು ಎಷ್ಟೋ ಪಟ್ಟು ಜಾಸ್ತಿ, ಕೆಲಸ ಮೇಲಿನ ಲೆಕ್ಕದ್ದೇ.

ಒಳಗಿನ ತುಂಡು ಬಿಟ್ಟರೆ ಏನಾಗುತ್ತದೆ

ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರ ನದಿಯೂ ಸಮುದ್ರ ಸೇರುವ ಅಳಿವೆ ಬಾಗಿಲಿನಲ್ಲಿ ನೀರು ಏರಿಳಿಯುವುದನ್ನು ನೀವು ನೋಡಿರಬಹುದು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅದನ್ನು 12.4 ಗಂಟೆ ಎನ್ನೋಣ. ನೀರು ಸರಾಸರಿ ಮಟ್ಟದಿಂದ ಅರ್ಧ ಮೀಟರ್ ಮೇಲೆ, ಅರ್ಧ ಮೀಟರ್ ಕೆಳಗೆ ಹೋಗುತ್ತದೆ ಎಂದು ಊಹಿಸಿಕೊಂಡರೆ ಎತ್ತರ ಹೀಗಿರುತ್ತದೆ: ಎಚ್ = 0.5 ಸೈನ್(2ಪೈ ಟಿ/12.4). ಟಿ ಗಂಟೆಯಲ್ಲಿ. ನಿಜವಾದ ಉಬ್ಬರ ಇಂಥ ಹಲವು ಸೈನ್‌ಗಳ ಮೊತ್ತ. ನಮಗೆ ಒಂದು ಸಾಕು.

ನೀರು ಏರುವ ವೇಗ ಎಷ್ಟು? ಹೊರಗೆ ಸೈನ್, ಒಳಗೆ 2ಪೈ ಟಿ/12.4. ಒಳಗಿನದ್ದರ ಡೆರಿವೇಟಿವ್ 2ಪೈ/12.4, ಅಂದರೆ ಸುಮಾರು 0.507. ಹಾಗಾಗಿ ವೇಗ 0.5 × 0.507 × ಕಾಸ್(2ಪೈ ಟಿ/12.4). ಕಾಸ್ ಅತಿ ಹೆಚ್ಚೆಂದರೆ 1. ಆದ್ದರಿಂದ ಅತಿ ಜೋರಿನ ಏರಿಕೆ ಗಂಟೆಗೆ ಸುಮಾರು 25 ಸೆಂಟಿಮೀಟರ್, ಅದೂ ನೀರು ಸರಾಸರಿ ಮಟ್ಟ ದಾಟುವಾಗ. ಉಬ್ಬರ ತುದಿ ಮುಟ್ಟಿದಾಗ ವೇಗ ಸೊನ್ನೆ.

ಒಳಗಿನ 0.507 ಮರೆತರೆ 50 ಸೆಂಟಿಮೀಟರ್ ಬರುತ್ತದೆ, ಸುಮಾರು ಎರಡು ಪಟ್ಟು. ಇನ್ನೂ ಒಂದು ಗಮನಿಸಿ. 0.5 ಎಂಬುದು ಮೀಟರ್, ಕಾಸ್‌ಗೆ ಯೂನಿಟ್ ಇಲ್ಲ. ಗಂಟೆಗೆ ಎಂಬ ಭಾಗ ಎಲ್ಲಿಂದ ಬರಬೇಕು? ಒಳಗಿನ ಡೆರಿವೇಟಿವ್‌ನಿಂದಲೇ. ಯೂನಿಟ್ ಹಾಕಿ ನೋಡಿದ್ದರೆ ತಪ್ಪು ತಾನಾಗಿ ಕಾಣುತ್ತಿತ್ತು.

ಡಿಗ್ರಿಯ ಕಥೆಯೂ ಇದೇ. ಸೈನ್ ಎಕ್ಸ್° ಕೊಟ್ಟರೆ ಉತ್ತರ ಕಾಸ್ ಎಕ್ಸ್° ಅಲ್ಲ. ಎಕ್ಸ್° ಅಂದರೆ ಪೈ ಎಕ್ಸ್/180 ರೇಡಿಯನ್. ಒಳಗಿನದ್ದರ ಡೆರಿವೇಟಿವ್ ಪೈ/180. ಉತ್ತರ (ಪೈ/180) ಕಾಸ್ ಎಕ್ಸ್°. ಕಲನಶಾಸ್ತ್ರದಲ್ಲಿ ರೇಡಿಯನ್ ಯಾಕೆ ಬಳಸುತ್ತಾರೆ ಎಂದು ಯಾರಾದರೂ ಕೇಳಿದರೆ ಈ ಪೈ/180ರ ಕಾಟ ತೋರಿಸಿ.

ಬೇರೆ ನಿಯಮಗಳ ಜೊತೆ

ಎಕ್ಸ್² × ಇ^(−3ಎಕ್ಸ್). ಕೊನೆಯ ಕೆಲಸ ಗುಣಾಕಾರ, ಹಾಗಾಗಿ ಪ್ರಾಡಕ್ಟ್ ರೂಲ್ ಮೊದಲು. ಅದರೊಳಗೆ ಇ^(−3ಎಕ್ಸ್) ಮಾಡುವಾಗ ಮಾತ್ರ ಚೈನ್ ರೂಲ್ ಬೇಕು, ಅದು −3ಇ^(−3ಎಕ್ಸ್). ಒಟ್ಟು 2ಎಕ್ಸ್ ಇ^(−3ಎಕ್ಸ್) − 3ಎಕ್ಸ್² ಇ^(−3ಎಕ್ಸ್), ಅಂದರೆ ಎಕ್ಸ್(2 − 3ಎಕ್ಸ್)ಇ^(−3ಎಕ್ಸ್).

ಎಕ್ಸ್² + ವೈ² = 25 ಎಂಬಂಥ ಸಮೀಕರಣದಲ್ಲಿ ವೈ² ಡಿಫರೆನ್ಶಿಯೇಟ್ ಮಾಡುವಾಗ ಡಿವೈ/ಡಿಎಕ್ಸ್ ಯಾಕೆ ಬಾಲದ ಹಾಗೆ ಬರುತ್ತದೆ ಎಂದು ಹಲವರಿಗೆ ಗೊತ್ತಿರುವುದಿಲ್ಲ. ವೈ ಒಳಗಿನ ಫಂಕ್ಷನ್, ವರ್ಗ ಹೊರಗಿನದ್ದು. ಹೊರಗಿನದ್ದು 2ವೈ ಆಗುತ್ತದೆ, ಒಳಗಿನದ್ದರ ಡೆರಿವೇಟಿವ್ ಡಿವೈ/ಡಿಎಕ್ಸ್. 2ಎಕ್ಸ್ + 2ವೈ × ಡಿವೈ/ಡಿಎಕ್ಸ್ = 0. ಆದ್ದರಿಂದ ಡಿವೈ/ಡಿಎಕ್ಸ್ = −ಎಕ್ಸ್/ವೈ. (3, 4) ಬಿಂದುವಿನಲ್ಲಿ −3/4.

ಎಕ್ಸ್^ಎಕ್ಸ್ ಬಂದರೆ ಘಾತದ ನಿಯಮವೂ ನಡೆಯುವುದಿಲ್ಲ, ಇ^ಎಕ್ಸ್ ನಿಯಮವೂ ನಡೆಯುವುದಿಲ್ಲ. ಆಧಾರ, ಘಾತ ಎರಡೂ ಬದಲಾಗುತ್ತಿವೆ. ಅದನ್ನು ಇ^(ಎಕ್ಸ್ ಲಾಗ್ ಎಕ್ಸ್) ಎಂದು ಬರೆದುಕೊಳ್ಳಿ, ಎಕ್ಸ್ ಸೊನ್ನೆಗಿಂತ ಹೆಚ್ಚಿದ್ದಾಗ. ಈಗ ಹೊರಗೆ ಇ, ಒಳಗೆ ಎಕ್ಸ್ ಲಾಗ್ ಎಕ್ಸ್. ಒಳಗಿನದ್ದರ ಡೆರಿವೇಟಿವ್ ಲಾಗ್ ಎಕ್ಸ್ + 1. ಉತ್ತರ ಎಕ್ಸ್^ಎಕ್ಸ್ × (1 + ಲಾಗ್ ಎಕ್ಸ್).

ನಿಯಮ ನಡೆಯದ ಜಾಗವೂ ಇದೆ. ಒಳಗಿನ ಫಂಕ್ಷನ್ ಎಕ್ಸ್‌ನಲ್ಲಿ, ಹೊರಗಿನದ್ದು ಒಳಗಿನ ಬೆಲೆಯಲ್ಲಿ ಡಿಫರೆನ್ಶಿಯಬಲ್ ಆಗಿರಬೇಕು. √(ಎಕ್ಸ್²)ಗೆ ನಿಯಮ ಹಚ್ಚಿದರೆ ಎಕ್ಸ್/√(ಎಕ್ಸ್²) ಬರುತ್ತದೆ, ಎಕ್ಸ್ = 0 ಹಾಕಿದರೆ ಅರ್ಥವೇ ಇಲ್ಲ. ಒಳಗಿನ ಎಕ್ಸ್² ಸರಿಯಾಗಿದೆ, ವರ್ಗಮೂಲ ಸೊನ್ನೆಯಲ್ಲಿ ಕೈಕೊಟ್ಟಿತು. √(ಎಕ್ಸ್²) ಅಂದರೆ |ಎಕ್ಸ್| ತಾನೆ, ಅದಕ್ಕೆ ಸೊನ್ನೆಯಲ್ಲಿ ಮೂಲೆ ಇದೆ.

ಉತ್ತರ ಸರಿಯೇ ಎಂದು ನೋಡುವುದು

ಮನೆಯಲ್ಲಿ ಅಭ್ಯಾಸ ಮಾಡುವಾಗ ಪುಸ್ತಕದ ಹಿಂದಿನ ಉತ್ತರಕ್ಕೆ ಓಡಬೇಡಿ. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. (ಎಕ್ಸ್² + 1)³ಕ್ಕೆ ಎಕ್ಸ್ = 1 ಹಾಕಿದರೆ 8. ಎಕ್ಸ್ = 1.001 ಹಾಕಿದರೆ 8.024036. ವ್ಯತ್ಯಾಸ 0.024036, ಅದನ್ನು 0.001ರಿಂದ ಭಾಗಿಸಿದರೆ 24.036. ನಮ್ಮ ಉತ್ತರ 6ಎಕ್ಸ್(ಎಕ್ಸ್² + 1)²ಕ್ಕೆ ಎಕ್ಸ್ = 1 ಹಾಕಿದರೆ 24. ಹತ್ತಿರ ಬಂತು, ಸರಿ ಇದೆ. 2ಎಕ್ಸ್ ಮರೆತಿದ್ದರೆ 12 ಬರುತ್ತಿತ್ತು, ಕೂಡಲೇ ಸಿಕ್ಕಿಬೀಳುತ್ತಿತ್ತು. ತ್ರಿಕೋನಮಿತಿ ಲೆಕ್ಕವಾದರೆ ಕ್ಯಾಲ್ಕುಲೇಟರ್ ರೇಡಿಯನ್‌ಗೆ ಬದಲಿಸಲು ಮರೆಯಬೇಡಿ.

ಮಾಡಿ ನೋಡಿ

(2ಎಕ್ಸ್ − 7)¹⁰
ಸೈನ್(√ಎಕ್ಸ್)
√(ಸೈನ್ ಎಕ್ಸ್)
ಇ^(ಕಾಸ್ ಎಕ್ಸ್)
ಲಾಗ್(ಲಾಗ್ ಎಕ್ಸ್), ಎಕ್ಸ್ 1ಕ್ಕಿಂತ ಹೆಚ್ಚು
ಎಕ್ಸ್³ ಕಾಸ್(4ಎಕ್ಸ್)
ಇ^(2 ಲಾಗ್ ಎಕ್ಸ್)

ಉತ್ತರಗಳು ಇದೇ ಕ್ರಮದಲ್ಲಿ: 20(2ಎಕ್ಸ್ − 7)⁹, ಕಾಸ್(√ಎಕ್ಸ್)/(2√ಎಕ್ಸ್), ಕಾಸ್ ಎಕ್ಸ್/(2√(ಸೈನ್ ಎಕ್ಸ್)), −ಸೈನ್ ಎಕ್ಸ್ × ಇ^(ಕಾಸ್ ಎಕ್ಸ್), 1/(ಎಕ್ಸ್ ಲಾಗ್ ಎಕ್ಸ್), 3ಎಕ್ಸ್² ಕಾಸ್(4ಎಕ್ಸ್) − 4ಎಕ್ಸ್³ ಸೈನ್(4ಎಕ್ಸ್), 2ಎಕ್ಸ್. ಕೊನೆಯದ್ದಕ್ಕೆ ಚೈನ್ ರೂಲ್ ಹಚ್ಚಿದರೆ ಇ^(2 ಲಾಗ್ ಎಕ್ಸ್) × 2/ಎಕ್ಸ್ ಬರುತ್ತದೆ. ಅದು 2ಎಕ್ಸ್ ಹೇಗಾಯಿತು ಎಂದು ಹೊಳೆಯದಿದ್ದರೆ, ಇ^(2 ಲಾಗ್ ಎಕ್ಸ್) ಅಂದರೆ ಎಕ್ಸ್² ಎಂಬುದನ್ನು ಲಾಗ್ ನಿಯಮಗಳಲ್ಲಿ ಒಮ್ಮೆ ನೋಡಿಕೊಳ್ಳಿ.